ಕಂತಿನ ಲಾರಿ, ಕರಗುವ ಗುಡ್ಡ

ಅಡಿಕೆಗೆ ತುಸು ಬೆಲೆ ಬಂದ ವರ್ಷ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಒಳಹಳ್ಳಿಗಳಲ್ಲಿ ಮನೆಯಂಗಳಕ್ಕೆ ಹೊಸದಾಗಿ ಬಂದು ನಿಲ್ಲುವ ವಾಹನ ಹೆಚ್ಚಿನ ಸಂದರ್ಭಗಳಲ್ಲಿ ಹಳೆಯದೇ ಆಗಿರುತ್ತದೆ. ಎಂಟು ಹತ್ತು ವರ್ಷ ದುಡಿದ ಪಿಕಪ್, ಇಬ್ಬರು ಮೂವರ ಕೈದಾಟಿದ ಟಿಪ್ಪರ್, ಗುಡ್ಡದ ದಾರಿಗೆಂದೇ ಉಳಿಸಿಕೊಂಡ ಡೀಸೆಲ್ ಜೀಪು. ಗೊಬ್ಬರ ತರುವುದಕ್ಕೆ, ಅಡಿಕೆ ಮತ್ತು ರಬ್ಬರ್ ಸಾಗಿಸುವುದಕ್ಕೆ, ಮರದ ದಿಮ್ಮಿ ಎಳೆಯುವುದಕ್ಕೆ, ಕೆಸರಿನಲ್ಲಿ ಹೂತ ನೆರೆಮನೆಯ ವಾಹನವನ್ನು ಹೊರಗೆ ತೆಗೆಯುವುದಕ್ಕೆ ಇಂಥದೊಂದು ಇದ್ದರೆ ಅನುಕೂಲ ಎಂಬುದರಲ್ಲಿ ಸಂಶಯವಿಲ್ಲ. ದಿನಕ್ಕೆರಡು ಬಾರಿ ಬಸ್ಸು ಬರುವ ಊರಿನಲ್ಲಿ ಸ್ವಂತ ವಾಹನವನ್ನು ಐಷಾರಾಮವೆಂದು ಹೀಗಳೆಯುವುದು ಪೇಟೆಯವರ ಪರಿಸರವಾದವಾದೀತು. ಪ್ರಶ್ನೆ ಇರುವುದು ಬೇರೆಡೆ. ಕೊಳ್ಳುವ ದಿನ ಹೇಳಲಾದ ಬೆಲೆಗೂ ಅದು ಅಂಗಳ ಬಿಟ್ಟು ಹೋಗುವ ದಿನದವರೆಗೆ ತೆರಬೇಕಾಗುವ ಬೆಲೆಗೂ ಇರುವ ಅಂತರ ಎಷ್ಟು, ಮತ್ತು ಆ ಅಂತರವನ್ನು ಕೊನೆಗೆ ಕಟ್ಟುವವರು ಯಾರು?

ಮೊದಲು ಮನೆಯ ಲೆಕ್ಕವನ್ನೇ ನೋಡಬಹುದು. ಒಂದು ಹಳೆಯ ಪಿಕಪ್‌ಗೆ 4 ಲಕ್ಷ ರೂಪಾಯಿ ಎಂದು ಹಿಡಿದರೆ, ಕೊಳ್ಳುವವನು 1 ಲಕ್ಷ ಕೈಯಿಂದ ಹಾಕಿ 3 ಲಕ್ಷ ಸಾಲ ಮಾಡುತ್ತಾನೆ. ಅವಧಿ 36 ತಿಂಗಳು, ಬಡ್ಡಿ ಶೇಕಡ 14. ಇಲ್ಲಿಯೇ ಮೊದಲ ಮುಗ್ಗರಿಕೆ. ಬ್ಯಾಂಕು ಬಾಕಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು 10,250 ರೂಪಾಯಿ. ಮೂರು ವರ್ಷಕ್ಕೆ ಬಡ್ಡಿ ಸುಮಾರು 69,000. ಹಳೆಯ ವಾಹನಗಳಿಗೆ ಸಾಲ ಕೊಡುವಲ್ಲಿ ಬಹಳಷ್ಟು ಬಾರಿ ಹೇಳುವುದು ಫ್ಲಾಟ್ ಬಡ್ಡಿ. ಅಂದರೆ ಅಸಲು ತೀರುತ್ತಾ ಬಂದರೂ ಮೊದಲ ದಿನದ 3 ಲಕ್ಷದ ಮೇಲೆಯೇ ಮೂರು ವರ್ಷವೂ ಶೇಕಡ 14. ಆಗ ಬಡ್ಡಿ 1,26,000, ಕಂತು 11,833. ಅದೇ ಶೇಕಡ 14 ಎಂಬ ಮಾತಿನೊಳಗೆ 57,000 ರೂಪಾಯಿಯ ವ್ಯತ್ಯಾಸ ಅಡಗಿರುತ್ತದೆ. ಫ್ಲಾಟ್ ಲೆಕ್ಕದ 14ನ್ನು ಬ್ಯಾಂಕಿನ ಲೆಕ್ಕಕ್ಕೆ ತಂದರೆ ಅದು ಶೇಕಡ 24ನ್ನು ದಾಟುತ್ತದೆ. ಕಾಲೇಜಿನಲ್ಲಿ ವಾಣಿಜ್ಯ ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ, ಸಹಿ ಹಾಕುವ ಮುನ್ನ ಆ ಹಾಳೆಯನ್ನು ಅವರ ಕೈಗೆ ಕೊಡುವುದು ಯಾವ ಮೆಕ್ಯಾನಿಕ್‌ನ ತಪಾಸಣೆಗಿಂತಲೂ ಕಡಿಮೆ ಉಪಯೋಗದ್ದಲ್ಲ.

ವಾಹನ ಓಡುವುದು ವರ್ಷವಿಡೀ ಅಲ್ಲ. 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಿದು. ಮುಂಗಾರಿನಲ್ಲಿ ತೋಟದ ದಾರಿಗಳು ತೋಡುಗಳಾಗುತ್ತವೆ, ಬಾಡಿಗೆ ಇರುವುದಿಲ್ಲ. ಒಂಬತ್ತು ತಿಂಗಳು, ತಿಂಗಳಿಗೆ 20 ದಿನ, ದಿನಕ್ಕೆ 60 ಕಿಲೋಮೀಟರ್ ಎಂದರೆ ವರ್ಷಕ್ಕೆ 180 ದಿನ, 10,800 ಕಿಲೋಮೀಟರ್. ಏರುತಗ್ಗಿನ ದಾರಿಯಲ್ಲಿ ಹೊರೆಯೊಂದಿಗೆ ಲೀಟರಿಗೆ 10 ಕಿಲೋಮೀಟರ್ ಸಿಕ್ಕಿದರೆ ಡೀಸೆಲ್ 1,080 ಲೀಟರ್. ಲೀಟರಿಗೆ 90 ರೂಪಾಯಿಯಂತೆ 97,200. ಕಂತು ವರ್ಷಕ್ಕೆ 1,42,000. ಮೂರನೆಯವರ ವಿಮೆಯ ಕಂತು, 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯ ಪ್ರಕಾರ 7,500 ಕಿಲೋ ಒಳಗಿನ ಬಾಡಿಗೆ ಸರಕುವಾಹನಕ್ಕೆ 16,049, ತೆರಿಗೆ ಬೇರೆ. ಟಯರುಗಳಿಗೆ 15,000, ಕ್ಲಚ್ಚು, ಬ್ರೇಕು, ಸ್ಪ್ರಿಂಗ್ ಪಟ್ಟಿ, ಬ್ಯಾಟರಿ ಎಂದು 40,000, ತೆರಿಗೆ, ಅರ್ಹತಾಪತ್ರ, ಹೊಗೆ ತಪಾಸಣೆ ಇತ್ಯಾದಿಗೆ 8,000 ಎಂದು ಮಿತವಾಗಿಯೇ ಹಿಡಿದರೂ ಒಟ್ಟು 3,18,000 ದಾಟುತ್ತದೆ. ದುಡಿಯುವ ದಿನವೊಂದಕ್ಕೆ ಸುಮಾರು 1,770 ರೂಪಾಯಿ. ಇದರಲ್ಲಿ ಚಾಲಕನ ಸಂಬಳವಿಲ್ಲ. ಮನೆಯವನೇ ಓಡಿಸುತ್ತಾನೆ ಎಂಬ ಕಾರಣಕ್ಕೆ ಅವನ ದಿನದ ಬೆವರಿಗೆ ಬೆಲೆಯಿಲ್ಲವೆಂದು ಬರೆದುಕೊಳ್ಳಲಾಗಿದೆ. ಕೈಯಿಂದ ಹಾಕಿದ 1 ಲಕ್ಷವೂ ಇದರಲ್ಲಿ ಸೇರಿಲ್ಲ. ಮೂರು ವರ್ಷದ ಬಳಿಕ ಮಾರುವಾಗ ಬರುವ ಬೆಲೆ ಅದನ್ನು ತುಂಬಿಕೊಟ್ಟೀತೆಂಬುದು ಆಶಾವಾದಿಯ ಲೆಕ್ಕ.

ಡೀಸೆಲಿನ ಬೆಲೆ ಇನ್ನು ಹಿಂದಿನಂತೆ ಸರ್ಕಾರದ ಕೃಪೆಯಲ್ಲಿಲ್ಲ ಎಂಬುದನ್ನೂ ನೆನಪಿಡಬೇಕು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರವನ್ನು ನಿಯಂತ್ರಣಮುಕ್ತಗೊಳಿಸಿತು. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇಕಡ 18.44ರಿಂದ 21.17ಕ್ಕೆ ಏರಿಸಿದಾಗ ಲೀಟರಿನ ಬೆಲೆ 2 ರೂಪಾಯಿ ಹೆಚ್ಚಿತು. ಮೇಲಿನ ಪಿಕಪ್‌ಗೆ ಅದರಿಂದ ವರ್ಷಕ್ಕೆ 2,160 ರೂಪಾಯಿ ಹೆಚ್ಚುವರಿ. ಬಾಡಿಗೆ ದರವನ್ನು ಮಾತ್ರ ಅದೇ ದಿನ ಏರಿಸುವ ಶಕ್ತಿ ಹಳ್ಳಿಯ ಒಬ್ಬಂಟಿ ಮಾಲಿಕನಿಗಿಲ್ಲ.

ವಾಹನ ಹಳೆಯದಾದಷ್ಟೂ ಕಾಗದಪತ್ರದ ಖರ್ಚು ಏರುತ್ತದೆ. ಸರಕುವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಸಾಕಾಗುವ ಅರ್ಹತಾಪತ್ರ, ಆಮೇಲೆ ಪ್ರತಿವರ್ಷ ಬೇಕು. 2021ರ ಅಕ್ಟೋಬರ್‌ನ ಕೇಂದ್ರ ಅಧಿಸೂಚನೆ 15 ವರ್ಷ ದಾಟಿದ ಲಾರಿ, ಬಸ್ಸುಗಳ ಅರ್ಹತಾಪತ್ರ ನವೀಕರಣದ ಶುಲ್ಕವನ್ನು 12,500 ರೂಪಾಯಿಗೆ ಒಯ್ದಿತು. 2025ರ ನವೆಂಬರ್‌ನ ತಿದ್ದುಪಡಿ 20 ವರ್ಷ ದಾಟಿದ ಭಾರಿ ವಾಹನಕ್ಕೆ 25,000 ರೂಪಾಯಿ ಗೊತ್ತುಮಾಡಿತು. ಹಳೆಯ ವಾಹನಗಳು ರಸ್ತೆಯಿಂದ ಸರಿಯಲಿ ಎಂಬುದು ಇದರ ಉದ್ದೇಶ, ಉದ್ದೇಶ ತಪ್ಪಲ್ಲ. ಆದರೆ ದೊಡ್ಡ ಸಾರಿಗೆ ಸಂಸ್ಥೆ ಈ ಶುಲ್ಕ ಕಟ್ಟುವ ಗೋಜಿಗೆ ಹೋಗದೆ ಆ ಲಾರಿಯನ್ನು ಮಾರಿಬಿಡುತ್ತದೆ, ಅದು ಕೈ ಬದಲಾಗುತ್ತಾ ಬದಲಾಗುತ್ತಾ ಶುಲ್ಕ ಕಟ್ಟಲು ಎಲ್ಲರಿಗಿಂತ ಕಡಿಮೆ ಶಕ್ತಿಯಿರುವವನ ಅಂಗಳದಲ್ಲಿ ಬಂದು ನಿಲ್ಲುತ್ತದೆ. ಹೊರರಾಜ್ಯದಿಂದ ಬಂದ ಅಗ್ಗದ ವಾಹನವಾದರೆ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ, ಮರುನೋಂದಣಿ ಎಂದು ಅಗ್ಗತನದ ಬಹುಪಾಲು ಸಾರಿಗೆ ಕಚೇರಿಯ ಕಿಟಕಿಯಲ್ಲೇ ಕರಗುತ್ತದೆ.

ಕಾಗದದ ವಿಷಯದಲ್ಲಿ ಹಳ್ಳಿಗಳಲ್ಲಿ ರೂಢಿಯಾಗಿರುವ ಒಂದು ಸಲುಗೆಯನ್ನು ಇಲ್ಲಿ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಗುರುತಿನವರಿಗೆ ಕೊಟ್ಟ ಗಾಡಿ, ಆರ್.ಸಿ. ಆಮೇಲೆ ಮಾಡಿಸಿಕೊಂಡರಾಯಿತು ಎಂದು ವರ್ಷಗಟ್ಟಲೆ ಬಿಡುವುದು. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮು ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆನ್ನುತ್ತದೆ. 2018ರ ಫೆಬ್ರವರಿ 6ರಂದು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಇಂಥದೇ ಹಲವು ಕೈದಾಟಿದ ವಾಹನ. ಅಪಘಾತ ನಡೆದಾಗ ಅದು ಯಾರ ಕೈಯಲ್ಲಿತ್ತು ಎಂಬುದು ಮುಖ್ಯವಲ್ಲ, ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯ ಹೇಳಿತು. ಮಾರಿ ಮರೆತ ಪಿಕಪ್ ಒಂದು ಹತ್ತು ಮೈಲಿಯಾಚೆ ಯಾರಿಗೋ ಡಿಕ್ಕಿಯಾದರೆ ಮೊದಲ ಮಾಲಿಕನ ತೋಟಕ್ಕೆ ಜಪ್ತಿಯ ನೋಟೀಸು ಬರಬಹುದು. ಹಳೆಯ ವಾಹನದ ವೆಚ್ಚ ಕೊಂಡವನಿಗೆ ಮಾತ್ರ ಎಂದು ತಿಳಿಯುವಂತಿಲ್ಲ.

ಇದಕ್ಕಿಂತಲೂ ಗಂಭೀರವಾದುದು ಪಿಕಪ್ಪಿನ ಹಿಂಬದಿಯಲ್ಲಿ ಜನರನ್ನು ತುಂಬುವ ರೂಢಿ. ರಬ್ಬರ್ ತೋಟದ ಕೆಲಸಕ್ಕೆ, ಅಡಿಕೆ ಕೊಯ್ಲಿಗೆ, ಮದುವೆ ದಿಬ್ಬಣಕ್ಕೆ, ಜಾತ್ರೆಗೆ ಎಂದು ಸರಕಿನ ಜಾಗದಲ್ಲಿ ಹತ್ತು ಹದಿನೈದು ಮಂದಿ ನಿಂತು ಹೋಗುವ ನೋಟ ವೇಣೂರು, ನಾರಾವಿ, ಸಿದ್ದಕಟ್ಟೆಯ ರಸ್ತೆಗಳಲ್ಲಿ ಹೊಸದಲ್ಲ. ಸರಕುವಾಹನದಲ್ಲಿ ಉಚಿತವಾಗಿ ಕರೆದೊಯ್ದ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗಿಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರ್‌ನಲ್ಲಿಯೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಉಪಕಾರವೆಂದು ಹತ್ತಿಸಿಕೊಂಡವರಲ್ಲಿ ಒಬ್ಬರು ಬಿದ್ದರೆ ಆ ಉಪಕಾರದ ಬೆಲೆ ಮಾಲಿಕನ ಮನೆ, ಜಮೀನು. ಬಿದ್ದವರ ಮನೆಯ ಬೆಲೆಯನ್ನು ಯಾರೂ ಲೆಕ್ಕ ಹಾಕಿದವರಿಲ್ಲ. ಚಾಲನಾ ಪರವಾನಗಿಯ ವಿಷಯದಲ್ಲಿ ಮಾತ್ರ ಸಣ್ಣ ಮಾಲಿಕರಿಗೆ ಒಂದು ಸಮಾಧಾನ ದೊರೆತಿದೆ: ಹಗುರ ವಾಹನದ ಪರವಾನಗಿ ಇರುವವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರ್ 6ರಂದು ಸಂವಿಧಾನ ಪೀಠ ಸ್ಪಷ್ಟಪಡಿಸಿದೆ.

ಇನ್ನು ಗುಡ್ಡದ ದಾರಿ. ಸಮತಟ್ಟಿನ ಊರಿನಲ್ಲಿ ಹತ್ತು ವರ್ಷ ಬಾಳುವ ವಾಹನ ಇಲ್ಲಿ ಅಷ್ಟು ಬಾಳದಿರುವುದಕ್ಕೆ ಕಾರಣ ಚಾಲಕನ ಒರಟುತನವೊಂದೇ ಅಲ್ಲ. ಲಾರಿ ಮತ್ತು ಹೊರೆ ಸೇರಿ 10 ಟನ್ ತೂಕ, ಘಾಟಿಯ ಬುಡದಿಂದ 600 ಮೀಟರ್ ಏರಬೇಕು ಎಂದು ಹಿಡಿದರೆ, ಭೂಮಿಯ ಸೆಳೆತವನ್ನು ಮೀರುವುದಕ್ಕೆಂದೇ ಸುಮಾರು 59 ಮೆಗಾಜೂಲ್ ಶಕ್ತಿ ಬೇಕು. ಒಂದು ಲೀಟರ್ ಡೀಸೆಲಿನಲ್ಲಿರುವ ಶಕ್ತಿ ಸುಮಾರು 36 ಮೆಗಾಜೂಲ್. ಅದರಲ್ಲಿ ಚಕ್ರಕ್ಕೆ ತಲಪುವುದು ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಹೀಗಾಗಿ ರಸ್ತೆಯ ಉದ್ದಕ್ಕೆ ಬೇಕಾಗುವ ಡೀಸೆಲ್ ಅಲ್ಲದೆ ಎತ್ತರಕ್ಕೆಂದೇ ಐದೂವರೆ ಲೀಟರ್ ಉರಿಯುತ್ತದೆ. ಇಂಜಿನು ಸವೆದು ಸಂಕೋಚನ ಕುಗ್ಗಿದ್ದರೆ ಇನ್ನೂ ಹೆಚ್ಚು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆಂಬುದನ್ನು ವಿದ್ಯಾರ್ಥಿಗಳು ಈ ಲೆಕ್ಕದ ಮುಂದಿನ ಸಾಲಿನಲ್ಲಿ ಬರೆದುಕೊಳ್ಳಬಹುದು.

ಏರುವಾಗ ಕೊಟ್ಟ ಶಕ್ತಿ ಇಳಿಯುವಾಗ ಮಾಯವಾಗುವುದಿಲ್ಲ. ಅದೇ 59 ಮೆಗಾಜೂಲ್ ಬ್ರೇಕು ಮತ್ತು ಇಂಜಿನುಗಳಲ್ಲಿ ಬಿಸಿಯಾಗಿ ಹೊರಬರಬೇಕು. 180 ಲೀಟರ್ ತಣ್ಣೀರನ್ನು, ಅಂದರೆ ಬಚ್ಚಲಿನ ಮೂರು ನಾಲ್ಕು ಹಂಡೆ ನೀರನ್ನು, ಕುದಿಯುವ ಮಟ್ಟಕ್ಕೆ ಏರಿಸುವಷ್ಟು ಬಿಸಿಯದು. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್‌ನಲ್ಲಿ ಇಳಿಸುವ ಚಾಲಕ ಈ ಬಿಸಿಯನ್ನೆಲ್ಲ ಬ್ರೇಕ್ ಡ್ರಮ್ಮಿನ ಮೇಲೆ ಹೇರುತ್ತಾನೆ. ಕಾದ ಬ್ರೇಕು ಹಿಡಿತ ಬಿಡುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ತಳಕ್ಕುರುಳಿದ ಲಾರಿಗಳ ಕುರಿತು ಪತ್ರಿಕೆಗಳು ಬರೆಯುವಾಗ ‘ಚಾಲಕನ ನಿಯಂತ್ರಣ ತಪ್ಪಿ’ ಎಂದು ಮುಗಿಸಿಬಿಡುತ್ತವೆ. ನಿಯಂತ್ರಣ ಹಲವು ಬಾರಿ ತಪ್ಪಿರುವುದು ವಾಹನ ಕೊಂಡ ದಿನ, ಬ್ರೇಕಿನ ಲೈನಿಂಗ್ ನೋಡದೆ ಬಣ್ಣ ನೋಡಿ ಬೆಲೆ ಕಟ್ಟಿದಾಗ.

ಎಳೆಯುವ ಕೆಲಸ ಇದಕ್ಕಿಂತ ಕಠಿಣ. ಹೊರೆ ಹೊತ್ತ ವಾಹನದಲ್ಲಿ ತೂಕ ಚಕ್ರಗಳ ಮೇಲಿದ್ದು ಹಿಡಿತಕ್ಕೆ ನೆರವಾಗುತ್ತದೆ. ದಿಮ್ಮಿಯನ್ನೋ ಕಂಪ್ರೆಸ್ಸರನ್ನೋ ಕೆಟ್ಟುನಿಂತ ಟೆಂಪೋವನ್ನೋ ಸರಪಳಿ ಕಟ್ಟಿ ಎಳೆಯುವಾಗ ಹಾಗಲ್ಲ. ಒದ್ದೆ ಮುರಕಲ್ಲಿನ ಏರಿನಲ್ಲಿ ಚಕ್ರ ಗಿರಗಿರನೆ ತಿರುಗುತ್ತದೆ, ಚಾಲಕ ಅರ್ಧ ಕ್ಲಚ್ಚಿನಲ್ಲಿ ಕಾಲಿಟ್ಟು ಇಂಜಿನನ್ನು ಕೂಗಿಸುತ್ತಾನೆ. ತಿಂಗಳುಗಟ್ಟಲೆ ಬಾಳಬೇಕಾದ ಕ್ಲಚ್ಚು ಒಂದು ಮಧ್ಯಾಹ್ನದಲ್ಲಿ ಸುಟ್ಟು ವಾಸನೆ ಬರುವುದನ್ನು ಬಿ.ಸಿ.ರೋಡಿನಿಂದ ಗುರುವಾಯನಕೆರೆಯವರೆಗಿನ ಯಾವ ಗ್ಯಾರೇಜಿನವರನ್ನು ಕೇಳಿದರೂ ಹೇಳಿಯಾರು. ಎಳೆತದ ಹೊಡೆತಕ್ಕೆ ಚಾಸಿಯ ಹಿಂದಿನ ಅಡ್ಡಪಟ್ಟಿ ಬಿರುಕು ಬಿಡುತ್ತದೆ, ಗೇರ್‌ಬಾಕ್ಸಿನ ಹಲ್ಲು ಹಾರುತ್ತದೆ. ಕರಾವಳಿಯ ತೇವದಲ್ಲಿ ತುಕ್ಕು ತಿಂದ ಚಾಸಿಗೆ ಬಣ್ಣ ಬಳಿದು ಮಾರುವುದು ಸುಲಭ. ಸರಪಳಿ ಬಿಗಿದಾಗ ಮಾತ್ರ ಅದು ನಿಜ ಹೇಳುತ್ತದೆ. ಎಳೆಯುವುದಕ್ಕೆಂದು ಬಳಸಿದ ವಾಹನವನ್ನು ಕೊಳ್ಳುವವರು ಮೊದಲು ನೆಲಕ್ಕೆ ಬೆನ್ನು ಹಚ್ಚಿ ಮಲಗಿ ಚಾಸಿಯನ್ನು ಕೆಳಗಿನಿಂದ ನೋಡಬೇಕು, ಅದೂ ಮಳೆಗಾಲದ ನಂತರ. ನೋಂದಣಿಯಾದ ಟ್ರೈಲರ್ ಅಥವಾ ಕೆಟ್ಟುನಿಂತ ವಾಹನವನ್ನಲ್ಲದೆ ಬೇರೇನನ್ನೂ ಸಾರ್ವಜನಿಕ ರಸ್ತೆಯಲ್ಲಿ ಎಳೆದೊಯ್ಯಲು ನಿಯಮ ಬಿಡುವುದಿಲ್ಲ. ದಿಮ್ಮಿಗೆ ಸರಪಳಿ ಬಿಗಿದು ಡಾಂಬರು ಗೀಚಿಕೊಂಡು ಹೋಗುವುದು ಹಳ್ಳಿಯ ಜಾಣತನವೆನಿಸಿದರೂ, ಅಪಘಾತವಾದರೆ ವಿಮೆಯವರಿಗೆ ಸಿಗುವ ಮೊದಲ ನೆಪ ಅದೇ.

ಘಾಟಿ ಮುಚ್ಚಿದಾಗ ಏನು? 2018ರ ಆಗಸ್ಟ್‌ನಲ್ಲಿ ಶಿರಾಡಿ ಕುಸಿದು ಮುಚ್ಚಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಗುಡ್ಡಗಳು ರಸ್ತೆಗೆ ಇಳಿದವು. ಹಗುರ ವಾಹನಗಳಿಗೆ ದಾರಿ ತೆರೆದ ಮೇಲೂ ಭಾರಿ ವಾಹನಗಳ ನಿರ್ಬಂಧ ಬಹುಕಾಲ ಉಳಿಯಿತು. ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಬಾಡಿಗೆಯನ್ನೇ ನಂಬಿದವರ ಲಾರಿಗಳು ಉಜಿರೆ, ಚಾರ್ಮಾಡಿಯ ರಸ್ತೆಬದಿಯಲ್ಲಿ ನಿಂತವು, ಇಲ್ಲವೇ ನೂರಾರು ಕಿಲೋಮೀಟರ್ ಸುತ್ತಿದವು. ಕಂತಿನ ದಿನಾಂಕಕ್ಕೆ ಘಾಟಿ ಮುಚ್ಚಿದೆಯೆಂಬುದು ತಿಳಿಯದು.

ಯಾವ ವಾಹನ ಕೊಳ್ಳಬೇಕೆಂಬಲ್ಲಿಯೂ ಇಕ್ಕಟ್ಟಿದೆ. ಹಳೆಯ ಯಾಂತ್ರಿಕ ಪಂಪಿನ ಇಂಜಿನನ್ನು ಊರಿನ ಮೆಕ್ಯಾನಿಕ್ ಸ್ಪಾನರಿನಲ್ಲೇ ಬಿಚ್ಚಿ ಕಟ್ಟಬಲ್ಲ, ಆದರೆ ಅದು ಉಗುಳುವ ಹೊಗೆ ಕಪ್ಪು. 2020ರ ಏಪ್ರಿಲ್ 1ರಿಂದ ದೇಶವಿಡೀ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ವಾಹನದಲ್ಲಿ ಹೊಗೆಯ ಮಸಿ ಹಿಡಿಯುವ ಸೋಸುಗವಿದೆ. ದೊಡ್ಡ ಲಾರಿಗಳಿಗೆ ಯೂರಿಯಾ ದ್ರಾವಣವನ್ನೂ ತುಂಬಿಸಬೇಕು. ಆ ಸೋಸುಗ ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಲು ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ನಿರಂತರ ಓಡಬೇಕು. ತೋಟದಿಂದ ಡಾಮರು ರಸ್ತೆಗೆ, ಅಲ್ಲಿಂದ ಸೊಸೈಟಿಗೆ ಎಂದು ಎರಡು ಮೂರು ಕಿಲೋಮೀಟರ್ ತೆವಳುವ ವಾಹನಕ್ಕೆ ಆ ಅವಕಾಶವಿಲ್ಲ, ಸೋಸುಗ ಕಟ್ಟಿಕೊಳ್ಳುತ್ತದೆ, ಸ್ಕ್ಯಾನರ್ ಇರುವ ಕಾರ್ಯಾಗಾರಕ್ಕೆ ಮಂಗಳೂರಿಗೆ ಹೋಗಬೇಕು. ಈ ತೊಂದರೆ ತಪ್ಪಿಸಲು ಸೋಸುಗವನ್ನೇ ಕಿತ್ತು ಖಾಲಿ ಕೊಳವೆ ಬೆಸೆದ ವಾಹನ ಮಾರಾಟಕ್ಕೆ ಬಂದರೆ ಕೊಳ್ಳುವವನು ಕಾನೂನಿನ ತೊಡಕನ್ನೂ ಜೊತೆಗೆ ಕೊಂಡಂತೆ.

ಕಪ್ಪು ಹೊಗೆ ಬರಿಯ ನೋಟದ ಕಿರಿಕಿರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುವವರು ಚಾಲಕ, ಲೋಡಿಂಗ್ ಮಾಡುವವರು, ಏರುದಾರಿಯ ಬದಿಯ ಶಾಲೆಯ ಮಕ್ಕಳು. ಇಂಜಿನಿನಿಂದ ಬಸಿದ ಕರಿ ಎಣ್ಣೆಯನ್ನು ತೋಡಿನ ಬದಿಯಲ್ಲಿ ಚೆಲ್ಲುವ ಅಭ್ಯಾಸವೂ ಇದೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ವ್ಯವಹಾರದ ಪ್ರಕಾರ ಅದು ನೇತ್ರಾವತಿಗೋ ಫಲ್ಗುಣಿಗೋ ಸೇರುವ ಮೊದಲು ಯಾರದೋ ಬಾವಿಯ ಪಕ್ಕದಲ್ಲಿ ಹಾದುಹೋಗುತ್ತದೆ.

ಇಷ್ಟೂ ವೆಚ್ಚ ಮಾಲಿಕನ ತಲೆಯ ಮೇಲಿರುವಾಗ ಅವನು ಏನು ಮಾಡುತ್ತಾನೆ? ದಿನಕ್ಕೆ 1,770 ರೂಪಾಯಿ ಮತ್ತು ತನ್ನ ಕೂಲಿ ಹುಟ್ಟಬೇಕು. ಸ್ವಂತ ತೋಟದ ಗೊಬ್ಬರ, ಅಡಿಕೆ, ತೆಂಗಿನಕಾಯಿ ಸೇರಿ ವರ್ಷಕ್ಕೆ 30 ದಿನದ ಕೆಲಸವೂ ಇರಲಾರದು. ಉಳಿದ 150 ದಿನಕ್ಕೆ ಹೊರೆ ಎಲ್ಲಿಂದ ಬರಬೇಕು? ಈ ಮೂರು ತಾಲೂಕುಗಳಲ್ಲಿ ಯಾವಾಗ ಬೇಕಾದರೂ ಸಿಗುವ, ತೂಕಕ್ಕೆ ತಕ್ಕಂತೆ ಹಣ ಬರುವ ಹೊರೆಗಳು ಕೆಲವೇ: ಕೆಂಪುಕಲ್ಲು, ಜಲ್ಲಿ, ಮಣ್ಣು, ಮರಳು, ಮರ. ಎಲ್ಲವೂ ಗುಡ್ಡದಿಂದ ಅಥವಾ ಹೊಳೆಯಿಂದ ತೆಗೆಯುವಂಥವು. ಗೊಬ್ಬರ ತರಲೆಂದು ಕೊಂಡ ವಾಹನ ಕಂತಿನ ಒತ್ತಡದಿಂದ ಆರು ತಿಂಗಳೊಳಗೆ ಕೋರೆಯ ದಾರಿ ಹಿಡಿಯುವುದು ಹೀಗೆ. ಪರಿಸರದ ಸಭೆಗಳಲ್ಲಿ ಕೋರೆಯ ಮಾಲಿಕನನ್ನು ಬಯ್ಯುವುದು ವಾಡಿಕೆ. ಕೋರೆಯ ಬಾಯಲ್ಲಿ ಸಾಲು ನಿಂತ ಪಿಕಪ್ಪುಗಳ ಕಂತಿನ ಪುಸ್ತಕವನ್ನು ಬಿಡಿಸಿ ನೋಡಿದವರು ಕಡಿಮೆ.

ಹೊರೆಯ ತೂಕ ಮುಂದಿನ ಪ್ರಶ್ನೆ. ಒಂದು ಕೆಂಪುಕಲ್ಲು 30 ಕಿಲೋ ಎಂದು ಹಿಡಿದರೆ ಒಂದೂವರೆ ಟನ್ ಸಾಮರ್ಥ್ಯದ ಪಿಕಪ್‌ಗೆ 50 ಕಲ್ಲು. ಐವತ್ತು ಕಲ್ಲಿನ ಬಾಡಿಗೆಯಲ್ಲಿ ಕಂತು ಹುಟ್ಟುವುದಿಲ್ಲವೆಂದು 80 ಕಲ್ಲು ಏರುತ್ತದೆ. ವಾಹನದ ತೂಕವೂ ಸೇರಿ 3.2 ಟನ್ ಆಗಬೇಕಿದ್ದುದು 4.1 ಟನ್ ಆಗುತ್ತದೆ. ಹೆಚ್ಚಿದ್ದು ಕಾಲುಭಾಗದಷ್ಟು ಮಾತ್ರವಲ್ಲವೇ ಎನಿಸಬಹುದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷಾ ರಸ್ತೆಗಳ ಮೇಲೆ ಲಾರಿಗಳನ್ನು ನಿರಂತರ ಓಡಿಸಿ ಕಂಡುಕೊಂಡ ಸೂತ್ರವೊಂದನ್ನು ರಸ್ತೆ ಇಂಜಿನಿಯರುಗಳು ಇಂದಿಗೂ ಬಳಸುತ್ತಾರೆ: ರಸ್ತೆಗಾಗುವ ಹಾನಿ ಅಚ್ಚಿನ ಮೇಲಿನ ತೂಕದ ಸರಿಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ. ತೂಕ ಇಮ್ಮಡಿಯಾದರೆ ಹಾನಿ 16 ಪಟ್ಟು. ಮೇಲಿನ ಪಿಕಪ್‌ನಲ್ಲಿ ಎರಡೂವರೆ ಪಟ್ಟು ಮೀರುತ್ತದೆ, ಹೆಚ್ಚುವರಿ ಹೊರೆಯೆಲ್ಲ ಹಿಂದಿನ ಅಚ್ಚಿನ ಮೇಲೆಯೇ ಕೂರುವುದರಿಂದ ಅಲ್ಲಿ ಇನ್ನೂ ಹೆಚ್ಚು. ಪಂಚಾಯತ್ ಹಾಕಿಸಿದ ತೆಳು ಡಾಮರು, ತೋಡಿನ ಮೇಲಿನ ಮೋರಿ ಇದನ್ನು ಎಷ್ಟು ಮಳೆಗಾಲ ತಡೆದೀತು? ಅತಿಭಾರಕ್ಕೆ 2019ರ ತಿದ್ದುಪಡಿ ಕಾಯ್ದೆ ವಿಧಿಸಿದ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ 2,000. ಒಮ್ಮೆ ಸಿಕ್ಕಿಬಿದ್ದರೆ ಹಲವು ತಿಂಗಳ ಹೆಚ್ಚುವರಿ ಸಂಪಾದನೆ ಒಂದೇ ರಶೀದಿಯಲ್ಲಿ ಹೋಯಿತು. ಸಿಕ್ಕಿಬೀಳದಿದ್ದರೆ ರಸ್ತೆಯ ವೆಚ್ಚವನ್ನು ಊರವರೆಲ್ಲ ಹಂಚಿಕೊಂಡಂತೆ. ವಾಹನವಿಲ್ಲದ ಮನೆಯವರೂ ಸೇರಿ.

ಗುಡ್ಡದ ಮಾತಿಗೆ ಬಂದರೆ, ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ದೊರೆತದ್ದನ್ನು ಎಲ್ಲರೂ ಸಂಭ್ರಮಿಸಿದರು. ಬೋಳುಗುಡ್ಡದ ಇಳಿಜಾರಿನಲ್ಲಿ ಒಬ್ಬರೇ ಸುರಂಗ ಕೊರೆದು, ನೀರು ಸಿಗದೆ ಬಿಟ್ಟ ಸುರಂಗಗಳ ಬಳಿಕವೂ ಮತ್ತೆ ಕೊರೆದು ನೀರು ತಂದು ತೋಟ ಎಬ್ಬಿಸಿದವರು ಅವರು. ಆ ನೀರು ಬಂದದ್ದು ರಂಧ್ರಮಯವಾದ ಮುರಕಲ್ಲಿನ ಪದರದಿಂದ. ಮಳೆಯ ನೀರನ್ನು ಹೀರಿ ಬೇಸಗೆಯವರೆಗೆ ನಿಧಾನವಾಗಿ ಜಿನುಗಿಸುವ ಅದೇ ಪದರವನ್ನು ಚೌಕಾಕಾರವಾಗಿ ಕತ್ತರಿಸಿ ಪಿಕಪ್‌ಗೆ ಏರಿಸಲಾಗುತ್ತದೆ. ಮನೆ ಕಟ್ಟುವುದಕ್ಕೆ ಕಲ್ಲು ಬೇಡವೇ ಎಂಬ ಪ್ರಶ್ನೆ ನ್ಯಾಯವಾದುದೇ. ಊರಿನ ಹಳೆಯ ಮನೆಗಳೂ ಈ ಕಲ್ಲಿನವೇ. ಆದರೆ ಮನೆಗೆಷ್ಟು ಕಲ್ಲು ಬೇಕೆಂಬುದು ಒಂದು ಲೆಕ್ಕ, ಕಂತಿಗೆಷ್ಟು ಕಲ್ಲು ಬೇಕೆಂಬುದು ಇನ್ನೊಂದು. ಎರಡನೆಯದಕ್ಕೆ ತುದಿಯಿಲ್ಲ. 2025ರ ಮಧ್ಯಭಾಗದಲ್ಲಿ ಜಿಲ್ಲೆಯಲ್ಲಿ ಕೆಂಪುಕಲ್ಲು, ಮರಳಿನ ಪೂರೈಕೆ ನಿಂತು ಕಟ್ಟಡ ಕಾರ್ಮಿಕರು ಬೀದಿಗಿಳಿದಾಗ ವಾಹನ ಮಾಲಿಕರೂ ಅಷ್ಟೇ ಕಂಗೆಟ್ಟಿದ್ದರು. ಅಕ್ರಮ ಕೋರೆಗೆ ತಡೆ ಬೇಕೆಂಬ ಬೇಡಿಕೆಯಲ್ಲಿ ನ್ಯಾಯವಿದ್ದರೂ, ಸಾಲದ ವಾಹನವಿರುವ ಮನೆಯ ಯುವಕ ಆ ಬೇಡಿಕೆಯ ಎದುರು ಪಕ್ಷದಲ್ಲಿ ನಿಲ್ಲುವುದು ಏಕೆಂಬುದನ್ನು ಚಳವಳಿಗಳು ಅರಿಯಬೇಕಾಗಿದೆ. ಅವನು ಗುಡ್ಡದ ವೈರಿಯಲ್ಲ. ಅವನ ತಿಂಗಳ ಐದನೆಯ ತಾರೀಕು ಗುಡ್ಡದ ವೈರಿ.

ಹಾಗಾದರೆ ಕೊಳ್ಳಲೇಬಾರದೇ? ಲೆಕ್ಕವೇ ಉತ್ತರ ಹೇಳುತ್ತದೆ. ಮೇಲಿನ ಉದಾಹರಣೆಯಲ್ಲಿ ಓಡಿದರೂ ಓಡದಿದ್ದರೂ ತೆರಬೇಕಾದ ವೆಚ್ಚ, ಅಂದರೆ ಕಂತು, ವಿಮೆ, ಕಾಗದಪತ್ರ, ನಿಂತಲ್ಲೇ ಹಾಳಾಗುವುದರ ರಿಪೇರಿ, ಸೇರಿ ವರ್ಷಕ್ಕೆ ಸುಮಾರು 1,86,000. ಓಡಿದ ದಿನದ ವೆಚ್ಚ ಬೇರೆ, ಸುಮಾರು 735. ಚಾಲಕ ಸಮೇತ ಬಾಡಿಗೆ ಪಿಕಪ್ ದಿನಕ್ಕೆ 2,500 ರೂಪಾಯಿಗೆ ಸಿಗುವುದಾದರೆ, ವರ್ಷಕ್ಕೆ 105 ದಿನ ಸ್ವಂತದ ಕೆಲಸವಿದ್ದಾಗ ಮಾತ್ರ ಕೊಂಡದ್ದಕ್ಕೂ ಬಾಡಿಗೆಗೂ ಸರಿಸಮ. ಮೂವತ್ತು ದಿನದ ಕೆಲಸಕ್ಕೆ ಬಾಡಿಗೆ ಕೊಟ್ಟರೆ 75,000ದಲ್ಲಿ ಮುಗಿಯುತ್ತದೆ, ಮಳೆಗಾಲದಲ್ಲಿ ನಿದ್ದೆ ಕೆಡುವುದಿಲ್ಲ. ಬಾಡಿಗೆ ಕೊಡುವುದೆಂದರೆ ಹಣ ಪೋಲು, ಕಂತು ಕಟ್ಟುವುದೆಂದರೆ ಆಸ್ತಿ ಎಂಬ ನಂಬಿಕೆ ಭೂಮಿಯ ವಿಷಯದಲ್ಲಿ ಸತ್ಯವಿರಬಹುದು. ತುಕ್ಕು ಹಿಡಿಯುವ ವಸ್ತುವಿಗೆ ಅದು ಹೊಂದುವುದಿಲ್ಲ.

ಇದಕ್ಕೆ ಹೊಸ ಸಂಸ್ಥೆಯನ್ನೇನೂ ಕಟ್ಟಬೇಕಾಗಿಲ್ಲ. 2014ರಿಂದ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಟ್ರ್ಯಾಕ್ಟರ್, ಟಿಲ್ಲರುಗಳನ್ನು ಬಾಡಿಗೆಗೆ ಕೊಡುತ್ತಿವೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲೇ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಅಂಥ ಹಲವು ಕೇಂದ್ರಗಳನ್ನು ನಡೆಸಿದೆ. 1973ರಲ್ಲಿ ಕ್ಯಾಂಪ್ಕೋ ಸ್ಥಾಪಿಸಿ ಅಡಿಕೆಯ ಬೆಲೆಯನ್ನು ವ್ಯಾಪಾರಿಗಳ ಕೈಯಿಂದ ಬಿಡಿಸಿಕೊಂಡ ಜಿಲ್ಲೆಯಿದು. ಹಾಲು ಸಂಗ್ರಹಿಸುವ ವಾಹನ ದಿನವೂ ಮನೆಯೆದುರಿನ ರಸ್ತೆಯಲ್ಲಿ ಸಹಕಾರಿ ತತ್ತ್ವದಲ್ಲೇ ಓಡುತ್ತದೆ. ಗ್ರಾಮದ ಸಹಕಾರಿ ಸಂಘವೊಂದು ಉತ್ತಮ ಸ್ಥಿತಿಯ ಎರಡು ಪಿಕಪ್ ಇಟ್ಟುಕೊಂಡು, ವಿಮೆ, ಅರ್ಹತಾಪತ್ರ, ಚಾಲಕನ ಸಂಬಳ, ಕರಿ ಎಣ್ಣೆಯ ವಿಲೇವಾರಿಯನ್ನು ತಾನೇ ನೋಡಿಕೊಂಡು ಸದಸ್ಯರಿಗೆ ದಿನದ ದರದಲ್ಲಿ ಕೊಡುವುದು ಅಸಾಧ್ಯವೆಂದು ಯಾರೂ ಹೇಳಲಾರರು. ಕಂತು ಒಬ್ಬನ ಕುತ್ತಿಗೆಯ ಮೇಲಿರದಿದ್ದಾಗ ಆ ವಾಹನ ಕೋರೆಗೆ ಹೋಗಬೇಕೇ ಬೇಡವೇ ಎಂಬುದನ್ನು ಮಹಾಸಭೆ ತೀರ್ಮಾನಿಸಬಹುದು, ಹೊರೆಯ ಮಿತಿಯನ್ನು ಬೋರ್ಡಿನಲ್ಲಿ ಬರೆದು ಹಾಕಬಹುದು.

ತೊಡಕುಗಳಿಲ್ಲವೆಂದಲ್ಲ. ಅಡಿಕೆ ಕೊಯ್ಲು ಎಲ್ಲರಿಗೂ ಒಂದೇ ಕಾಲಕ್ಕೆ ಬರುತ್ತದೆ. ಮೊದಲ ಸರದಿ ಯಾರದೆಂಬ ಜಗಳ ಖಂಡಿತ. ನಿರ್ದೇಶಕರ ತೋಟಕ್ಕೇ ಗಾಡಿ ಮೊದಲು ಹೋಗುತ್ತದೆಂಬ ಗುಮಾನಿಯೂ ಸುಳ್ಳಾಗದಿರಬಹುದು. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದಾಗ ಸಂಘದ ಬೀಗ ತೆಗೆಯುವವರು ಯಾರೆಂಬ ಪ್ರಶ್ನೆಗೆ ಉಪವಿಧಿಯಲ್ಲಿ ಉತ್ತರವಿರಬೇಕು. ಇವೆಲ್ಲ ನಿಯಮ ಬರೆಯುವಾಗ ಕೂತು ಬಗೆಹರಿಸಬೇಕಾದವು, ಅದಕ್ಕೆ ಮೊದಲು ಬೇಕಾದುದು ಊರಿನ ಅಂಕಿ ಅಂಶ. ಮೂಡುಬಿದಿರೆ, ಉಜಿರೆ, ಬಂಟ್ವಾಳಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳು ಈ ಬೇಸಗೆ ರಜೆಯಲ್ಲಿ ತಂತಮ್ಮ ಗ್ರಾಮದ ಸರಕುವಾಹನಗಳ ಮನೆಗಳಿಗೆ ಹೋಗಿ ನಾಲ್ಕು ಸಂಗತಿ ಬರೆದು ತಂದರೆ ಸಾಕು: ವಾಹನದ ವಯಸ್ಸು, ತಿಂಗಳ ಕಂತು, ಕಳೆದ ವರ್ಷ ಸ್ವಂತ ತೋಟದ ಕೆಲಸಕ್ಕೆ ಓಡಿದ ದಿನಗಳು, ಉಳಿದ ದಿನಗಳಲ್ಲಿ ಹೊತ್ತ ಹೊರೆ. ಹೆಸರು ಬರೆಯುವುದು ಬೇಡ. ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ಮಾಲಿಕ ಹಿಂಜರಿದರೆ ಆ ಜಾಗ ಖಾಲಿ ಬಿಟ್ಟು, ಕಂತಿನ ಮೊತ್ತವನ್ನು ಮಾತ್ರ ಸರಿಯಾಗಿ ಕೇಳಿಕೊಂಡು ಬರಲಿ. ಜೂನ್ ಮೊದಲ ವಾರದ ಗ್ರಾಮಸಭೆಗೆ ಆ ಹಾಳೆಗಳು ತಲಪಿದರೆ, ಮಳೆ ಹಿಡಿದು ಗಾಡಿಗಳು ಅಂಗಳದಲ್ಲಿ ನಿಂತಿರುವ ಮೂರು ತಿಂಗಳಲ್ಲಿ ಸಹಕಾರಿ ಸಂಘದವರೂ ಮಾಲಿಕರೂ ಒಂದೇ ಜಗಲಿಯಲ್ಲಿ ಕುಳಿತು ಮಾತಾಡುವುದಕ್ಕೆ ಬೇಕಾದಷ್ಟು ಬಿಡುವಿರುತ್ತದೆ.